ಮೂರು ಜನರ ಮರಸು

ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿದ್ದರಿಂದ ಯಾರೊಂದಿಗೂ ಮಾತಾಡಬೇಕಾಗಿಲ್ಲವೆನ್ನುವುದೇ ವರ್ಲನ್‌ಗೆ ಆ ಬೆಳಗಿನ ದೊಡ್ಡ ನೆಮ್ಮದಿಯಾಗಿತ್ತು. ಹಾಗೆ ನೋಡಿದರೆ ಮಾತಾಡಲು ಸುತ್ತ ಯಾರೂ ಇರಲೂ ಇಲ್ಲ. ಎದೆಮಟ್ಟದ ನೀರು, ನೀರಿನಿಂದ ತಲೆಯೆತ್ತಿದ ಸೈಪ್ರೆಸ್ ಬೊಡ್ಡೆಗಳು, ದೂರದಲ್ಲಿ ಏರಿಯ ಮೇಲೆ ಹೋಗುವ ಒಂದೊಂದು ಪಿಕಪ್ ಗಾಡಿಯ ಸದ್ದು. ಎಂಟು ಕಂಬಗಳ ಮೇಲೆ ಅವನು ಹೊಡೆದ ಅಟ್ಟ, ಅಟ್ಟದ ಸುತ್ತ ಮೂರು ಗೋಡೆ, ಮೇಲೆ ಅರ್ಧ ಸೂರು. ಒಳಗೆ ಕೂತವನಿಗೆ ಆಕಾಶ ಕಾಣಬೇಕು, ಆಕಾಶದಲ್ಲಿರುವುದಕ್ಕೆ ಅವನು ಕಾಣಬಾರದು. ಬಾತುಬೇಟೆಯ ಮರಸು ಎಂದರೆ ಇಷ್ಟೇ, ಎಂದು ಹೊಸಬರು ಕೇಳಿದಾಗಲೆಲ್ಲ ಅವನು ಹೇಳುತ್ತಿದ್ದ. ಹೇಳುವಾಗ ತನ್ನ ಧ್ವನಿಗೆ ಸಣ್ಣದೊಂದು ಗರ್ವ ಸೇರುವುದು ಅವನಿಗೇ ಕೇಳಿಸುತ್ತಿತ್ತು. ಊರಿನ ಅರ್ಧ ಅಡುಗೆಮನೆಗಳ ಕಪಾಟು ಅವನ ಕೈಯವೇ. ಆದರೆ ಅವುಗಳ ಬಗ್ಗೆ ಈ ಗರ್ವ ಬರುತ್ತಿರಲಿಲ್ಲ. ಕಪಾಟನ್ನು ಜನ ನೋಡಿ ಹೊಗಳುತ್ತಾರೆ. ಇದನ್ನು ಯಾರೂ ನೋಡದಿದ್ದಷ್ಟೂ ಒಳ್ಳೆಯದು.

ಈ ವರ್ಷ ಕೆಲಸ ಬೇಗ ಶುರುವಾಗಿತ್ತು. ವಸಂತದ ನೆರೆ ಹಳೆಯ ಅಟ್ಟವನ್ನು ಬುಡಸಮೇತ ಎತ್ತಿಕೊಂಡು ಹೋಗಿದ್ದರಿಂದ ಎಲ್ಲವನ್ನೂ ಕಂಬದಿಂದಲೇ ಶುರುಮಾಡಬೇಕಾಯಿತು. ಆಗಸ್ಟಿನ ಸೆಕೆಯಲ್ಲಿ, ಸೊಳ್ಳೆಗಳ ಮೋಡದ ನಡುವೆ, ಕುತ್ತಿಗೆಗೆ ಒದ್ದೆ ಟವೆಲ್ ಕಟ್ಟಿಕೊಂಡು ಅವನು ಒಂದೊಂದೇ ಕಂಬವನ್ನು ಕೆಸರಿಗೆ ಇಳಿಸಿದ್ದ. ಆರ್ಲಿಸ್ ದೋಣಿಯಲ್ಲಿ ಕೂತು ಕಂಬ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಇಪ್ಪತ್ತೇಳು ವರ್ಷದಿಂದ ಹೀಗೇ. ಆರ್ಲಿಸ್ ಬೇಟೆ ಇಲಾಖೆಯ ಕಚೇರಿಗೆ ಹೋಗಿ ಮರಸಿನ ಜಾಗಕ್ಕೆ ಚೀಟಿ ಎತ್ತುತ್ತಾನೆ, ಜಾಗ ಹಿಡಿಯುತ್ತಾನೆ, ಮಾತಾಡುತ್ತಾನೆ. ಹಾಬರ್ಟ್ ತಿನ್ನಲು ತರುತ್ತಾನೆ. ಸೀಸನ್ನು ಮುಗಿಯುವವರೆಗೂ ಮರಸಿನ ಮೂಲೆಯ ಒಲೆಯಲ್ಲಿ ಅವನ ಸಾಸೇಜು ಚುರುಗುಡುತ್ತಿರುತ್ತದೆ. ವರ್ಲನ್ ಕಟ್ಟುತ್ತಾನೆ. ಯಾರೂ ಕೂತು ಹಂಚಿಕೊಂಡ ಕೆಲಸಗಳಲ್ಲ ಇವು, ಹರಿದು ಹೋದ ಕಡೆ ನೀರು ನಿಂತ ಹಾಗೆ. ಮೊನ್ನೆ ಬೆಂಚು ಹೊಡೆದು ಮುಗಿಸಿದಾಗ ಆರ್ಲಿಸ್ ಅದರ ಮೇಲೆ ಕೂತು ಕಾಲು ಚಾಚಿ, "ನಾಲ್ಕು ಜನದ ಅಳತೆ ಯಾಕೋ ಹಿಡಿದೆ? ಮೂರು ಸಾಕಿತ್ತಲ್ಲ" ಅಂದಿದ್ದ. ಈ ಸಲ ಮಗಳ ಗಂಡ ಟ್ರೆಂಟ್‌ನನ್ನೂ ಕರೆತರುತ್ತೇನೆಂದು ಬೇಸಿಗೆಯಲ್ಲಿ ಅವನೇ ಹೇಳಿದ್ದನಾದ್ದರಿಂದ, ಪಾಪ, ಅಳಿಯ ಕೈಕೊಟ್ಟನೇನೋ ಎಂದುಕೊಂಡು ವರ್ಲನ್ ಹೆಚ್ಚು ಕೆದಕಲಿಲ್ಲ. ಇರಲಿ, ಕೋವಿಗಳಿಗೆ ಜಾಗವಾಗುತ್ತದೆ ಅಂದ. ಆರ್ಲಿಸ್ ಮುಖ ತಿರುಗಿಸಿ ನೀರಿಗೆ ಉಗಿದಿದ್ದ.

ಕೋವಿ ಎಂದಾಗ ತನ್ನ ನಾಲಿಗೆ ಒಂದು ಕ್ಷಣ ತಡವರಿಸಿತೆಂದು ವರ್ಲನ್‌ಗೆ ಈಗ ಅನ್ನಿಸಿತು. ಜನವರಿಯಿಂದ ಈಚೆಗೆ ಆ ಪದ ಬಾಯಿಗೆ ಬಂದಾಗಲೆಲ್ಲ ಹಾಗೇ. ಅವತ್ತು ನೀರಿನ ಅಂಚಿಗೆ ಮಂಜುಗಟ್ಟಿತ್ತು. ಹಸಿರುತಲೆ ಬಾತುಗಳ ಒಂದು ಹಿಂಡು ಎರಡು ಸಲ ಸುತ್ತು ಹಾಕಿ ಮೂರನೆಯ ಸುತ್ತಿಗೆ ರೆಕ್ಕೆ ಬಿಗಿಹಿಡಿದು ಇಳಿಯುತ್ತಿತ್ತು. ಆರ್ಲಿಸ್ ಬಾಯಲ್ಲಿ ಪೀಪಿಯಿಟ್ಟುಕೊಂಡು ಬಾತಿನ ದನಿ ತೆಗೆಯುತ್ತಿದ್ದ. ಇಳಿಯಲಿ, ಇನ್ನೂ ಇಳಿಯಲಿ, ಎಂದು ಎಡಗೈ ಅಲ್ಲಾಡಿಸುತ್ತಿದ್ದ. ಕೋವಿಯ ಸೇಫ್ಟಿ ಚಿಲಕ ತೆಗೆಯಬಾರದ ಹೊತ್ತಿನಲ್ಲಿ ವರ್ಲನ್ ತೆಗೆದಿದ್ದ. ಎಡಗಣ್ಣಿನ ನಡುವೆ ಒಂದು ಬೂದುಬಣ್ಣದ ಮಚ್ಚೆ ಕೂತು ಆಗಲೇ ವರ್ಷವಾಗಿತ್ತು, ಅದನ್ನವನು ಯಾರಿಗೂ ಹೇಳಿರಲಿಲ್ಲ; ಹಕ್ಕಿಗಳು ಆ ಮಚ್ಚೆಯೊಳಗೆ ಹೋಗಿ ಕಾಣದಾಗುತ್ತವಲ್ಲ, ಬೇರೆಯವರಿಗಿಂತ ತಡವಾಗುತ್ತೇನಲ್ಲ ಎಂಬ ಅವಸರ. ದಪ್ಪ ಕೈಗವಸಿನೊಳಗೆ ಮರಗಟ್ಟಿದ ಬೆರಳು ಯಾವಾಗ ಬಿಗಿಯಿತೋ. ಸದ್ದಾದ ಮೇಲೆಯೇ ಅವನಿಗೆ ಗೊತ್ತಾದದ್ದು. ಸೂರಿನ ಅಂಚಿನಲ್ಲಿ ಊಟದ ತಟ್ಟೆಯಷ್ಟು ಅಗಲದ ತೂತು, ತೂತಿನಾಚೆ ಆಕಾಶ, ಪಕ್ಕದಲ್ಲಿ ಹಾಬರ್ಟ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಬಾಯಿ ತೆರೆದಿದ್ದಾನೆ. ಚರೆ ಅವನ ಎಡಗಿವಿಯಿಂದ ಒಂದು ಗೇಣು ಆಚೆ ಹೋಗಿತ್ತು. ರಕ್ತವಿಲ್ಲ. ಆದರೆ ಆ ಕಿವಿ ಮತ್ತೆ ತೆರೆಯಲಿಲ್ಲ. ಏನಾಯ್ತೋ, ಏನಾಯ್ತೋ ಎಂದು ಆರ್ಲಿಸ್ ಕೂಗುತ್ತಿದ್ದಾಗ ವರ್ಲನ್‌ನ ಬಾಯಿಂದ ಅವನದಲ್ಲದಂತಹ ಒಂದು ದನಿ ಹೊರಟಿತು. "ನಾಯಿ ಕಾಲಿಡ್ತು. ಬೆಸ್ಸಿ ಕೋವಿ ಕುದುರೆ ಮೇಲೆ ಕಾಲಿಟ್ಟುಬಿಡ್ತು."

ಬೆಸ್ಸಿ ಆರ್ಲಿಸ್‌ನ ನಾಯಿ, ಕರಿ ಲ್ಯಾಬ್ರಡಾರ್. ಬಿದ್ದ ಹಕ್ಕಿಯನ್ನು ಹಲ್ಲಿನ ಗುರುತಾಗದಂತೆ ತಂದು ಕೈಯಲ್ಲಿಡುತ್ತಿತ್ತು. ಎರಡು ವಾರದ ನಂತರ ಆರ್ಲಿಸ್ ಅದನ್ನು ಮಿಸಿಸಿಪ್ಪಿ ನದಿಯಾಚೆ ಯಾರೋ ನೆಂಟರಿಗೆ ಕೊಟ್ಟುಬಿಟ್ಟ. ಕೋವಿ ತುಳಿಯುವ ನಾಯಿ ಮರಸಿನಲ್ಲಿ ಇರಬಾರದು, ಅಷ್ಟೇ ಅಂದ. ಅದನ್ನು ಗಾಡಿಗೆ ಹತ್ತಿಸುವಾಗ ವರ್ಲನ್ ಅಲ್ಲೇ ಇದ್ದ. ಕೈಗೆ ಏನಾದರೂ ಕೆಲಸ ಬೇಕಾಗಿತ್ತೆಂದು ಬಾಗಿಲನ್ನು ಅವನೇ ಹಾಕಿದ್ದ.

ತಂತಿ ಮುಗಿದಿತ್ತು. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು ಜೇಬಿಗೆ ಹಾಕಿಕೊಂಡು ವರ್ಲನ್ ಆರ್ಲಿಸ್‌ನ ಪೆಟ್ಟಿಗೆಯ ಕಡೆಗೆ ಮಂಡಿಯೂರಿ ಸರಿದ. ಆರ್ಲಿಸ್ ಓಕ್ ಸೊಪ್ಪಿನ ಕೊನೆಯ ಹೊರೆ ತರಲು ದೋಣಿಕಟ್ಟೆಗೆ ಹೋಗಿದ್ದ, ಬರಲು ಇನ್ನೂ ಮುಕ್ಕಾಲು ಗಂಟೆಯಾದರೂ ಬೇಕು. ಪೆಟ್ಟಿಗೆಯಲ್ಲಿ ಎಂದಿನಂತೆ ಎಲ್ಲವೂ ಕಲಸುಮೇಲೋಗರ. ತುಕ್ಕು ಹಿಡಿದ ಇಕ್ಕಳ, ಹೊಗೆಸೊಪ್ಪಿನ ಡಬ್ಬಿ, ಯಾವ ಕಾಲದ್ದೋ ಒಂದು ಸ್ಪಾರ್ಕ್ ಪ್ಲಗ್ಗು, ತಂತಿಯ ಸುರುಳಿ, ಅದರ ಕೆಳಗೆ ಕಂದು ಕಾಗದ ಸುತ್ತಿದ ಒಂದು ಹಲಗೆ. ಅದೇನೆಂದು ಅವನಿಗೆ ಬಿಚ್ಚದೆಯೇ ಗೊತ್ತು. ಪ್ರತಿ ಮರಸಿನ ಹೊರಗೋಡೆಗೂ ಕಚೇರಿಯವರು ಕೊಡುವ ಫಲಕ. ಆ ವರ್ಷ ಆ ಜಾಗ ಯಾರದ್ದೆಂದು ಅದರಲ್ಲಿ ಬರೆದಿರುತ್ತದೆ. ಮೂರೇ ಹೆಸರಿಗೆ ಜಾಗ. ಪ್ರತಿ ವರ್ಷ ಅದನ್ನು ಹೊಡೆಯುವವನೂ ಅವನೇ. ಈಗಲೇ ಹೊಡೆದುಬಿಟ್ಟರೆ ಒಂದು ಕೆಲಸ ಮುಗಿಯಿತು ಎಂದುಕೊಂಡು ಕಾಗದ ಹರಿದ.

ಆರ್ಲಿಸ್ ಗ್ಯಾಡಿ. ಹಾಬರ್ಟ್ ಲನ್ಸ್‌ಫರ್ಡ್. ಮೂರನೆಯ ಸಾಲನ್ನು ಓದುವಾಗ ಕಣ್ಣಿನ ಮಚ್ಚೆ ಅಡ್ಡ ಬಂದಿರಬೇಕೆಂದು ಅವನಿಗೆ ಪ್ರಾಮಾಣಿಕವಾಗಿಯೇ ಅನ್ನಿಸಿತು. ಎಡಗಣ್ಣು ಮುಚ್ಚಿದ. ಹಲಗೆಯನ್ನು ಬಲಕ್ಕೆ ಸರಿಸಿದ, ಬೆಳಕಿಗೆ ಹಿಡಿದ, ಒಂದು ಮೊಳ ದೂರ ಮಾಡಿದ. ಕಪಾಟಿನ ಬಾಗಿಲಿನ ಗೆರೆ ನೋಡುವವನ ಹಾಗೆ ಅಂಚಿನಿಂದಲೂ ನೋಡಿದ. ಟ್ರೆಂಟ್ ಪೋಲ್ಕ್. ಟ್ರೆಂಟ್ ಪೋಲ್ಕ್. ಅಚ್ಚುಕಟ್ಟಾದ ಕಪ್ಪು ಅಕ್ಷರ, ಯಾವ ತಪ್ಪೂ ಇಲ್ಲ. ಕಚೇರಿಯವರ ಕೈತಪ್ಪು ಎಂದು ಮನಸ್ಸು ಒಂದು ಕ್ಷಣ ಓಡಿತು. ಆಮೇಲೆ ಬೆಂಚಿನ ಮೇಲೆ ಕಾಲು ಚಾಚಿ ಕೂತ ಆರ್ಲಿಸ್ ನೆನಪಾದ, ಮೂರು ಸಾಕಿತ್ತಲ್ಲ. ಅರ್ಜಿ ಹಾಕುವುದು ಜುಲೈ ತಿಂಗಳಲ್ಲಿ. ಹಾಗಾದರೆ ಮೊದಲ ಕಂಬ ಇಳಿಸಿದ ದಿನ, ಸೆಕೆಗೆ ತಲೆ ಸುತ್ತಿ ಅವನು ದೋಣಿಯ ಅಂಚು ಹಿಡಿದು ನಿಂತಾಗ, ಆರ್ಲಿಸ್ ತಣ್ಣೀರಿನ ಬಾಟಲಿಯನ್ನು ಅವನ ಹಣೆಗೆ ಒತ್ತಿ "ಸಾವಕಾಶ ಮಾರಾಯ, ನೀನಿಲ್ಲದೆ ನಮ್ಮ ಗತಿಯೇನು" ಅಂದ ದಿನ, ಆಗಲೇ ಈ ಹೆಸರು ಅಲ್ಲಿತ್ತು.

ಸಿಟ್ಟು ಬರಲಿಲ್ಲ. ಬರಬೇಕಾಗಿತ್ತೆಂದು ಅವನು ಕಾದ. ಬಂದದ್ದು ನಾಚಿಕೆ, ಎಳೆಯ ವಯಸ್ಸಿನಲ್ಲಿ ಒಮ್ಮೆ ಬೇರೆಯವರ ಮನೆಯ ಪಾರ್ಟಿಗೆ ಕರೆದಿದ್ದಾರೆಂದುಕೊಂಡು ಹೋಗಿ, ಬಾಗಿಲು ತೆರೆದ ಆ ಮನೆಯ ತಾಯಿ ಅವನ ಕೈಯಲ್ಲಿದ್ದ ಉಡುಗೊರೆಯನ್ನು ನೋಡಿ ತಬ್ಬಿಬ್ಬಾದಳಲ್ಲ, ಆ ನಾಚಿಕೆ. ಈ ಮೂರು ತಿಂಗಳಲ್ಲಿ ತಾನು ಆಡಿದ ಮಾತೆಲ್ಲ ಅವನಿಗೆ ಒಂದೊಂದಾಗಿ ಕೇಳಿಸತೊಡಗಿತು. ಈ ಸಲ ಒಲೆಯನ್ನು ನನ್ನ ಕಡೆ ಇಟ್ಟುಕೊಳ್ಳುತ್ತೇನೆ, ಚಳಿ ತಡೆಯೋದಿಲ್ಲ ನನಗೆ. ನನ್ನ ಕೋವಿಗೆ ಇಲ್ಲೊಂದು ಗೂಟ ಹೊಡೆಯುತ್ತೇನೆ. ಆರ್ಲಿಸ್ ಎಲ್ಲಕ್ಕೂ ಹೂಂ ಅಂದಿದ್ದ. ಆ ಒಂದೊಂದು ಹೂಂ ಅನ್ನೂ ವರ್ಲನ್ ಈಗ ತಿರುಗಿಸಿ ನೋಡಿದ. ಅದರ ಬೆನ್ನಿನಲ್ಲಿ ಏನಿತ್ತು? ಕನಿಕರವೇ? ಮನೆಗೆ ಹೋಗಿ ಅಳಿಯನೊಂದಿಗೆ ನಕ್ಕಿದ್ದನೇ?

ಸುತ್ತಿಗೆ ಕೈಯಲ್ಲೇ ಇತ್ತು. ಹಲಗೆಯನ್ನು ಮತ್ತೆ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು ಅವನು ಉಳಿದ ಕೆಲಸಕ್ಕೆ ಕೈಹಾಕಿದ. ಅದು ಅವನಿಗೇ ಆಶ್ಚರ್ಯವಾಯಿತು. ಸೂರಿನ ಪೂರ್ವದ ಅಂಚಿಗೆ ಹೊಸದೊಂದು ಜಿಂಕ್ ಶೀಟು ಹಾಕಿದ್ದ, ಜನವರಿಯಲ್ಲಿ ತೂತಾದ ಹಳೆಯದು ನೆರೆಗೆ ಹೋಗಿತ್ತಲ್ಲ. ಅದಕ್ಕೆ ಕೆಸರಿನ ಬಣ್ಣ ಬಳಿದು, ಮೇಲೆ ಎರಡು ಪದರ ಓಕ್ ಸೊಪ್ಪು ಹಾಸಿ, ಮೊಳಕ್ಕೊಂದರಂತೆ ತಂತಿ ಬಿಗಿಯಬೇಕು. ಬಣ್ಣದ ಡಬ್ಬ ಅಲ್ಲೇ ಕಾಲ ಬಳಿ ಇತ್ತು. ಅವನು ಅದನ್ನು ತೆರೆಯಲಿಲ್ಲ. ಹೊಳೆಯುವ ತಗಡಿನ ಮೇಲೆ ಒಂದೇ ಪದರ ಸೊಪ್ಪು ಹರಡಿದ, ನೋಡಿದವರಿಗೆ ತುಂಬಿದಂತೆ ಕಾಣುವಷ್ಟು. ಮೂರು ಸುತ್ತು ಹಾಕುವ ಕಡೆ ತಂತಿಯನ್ನು ಒಂದೇ ಸುತ್ತು ಹಾಕಿ ತುದಿಯನ್ನು ಹಾಗೇ ಬಿಟ್ಟ. ಎರಡು ಗಾಳಿ ಸಾಕು. ಸೊಪ್ಪು ಜಾರುತ್ತದೆ, ಸೀಸನ್ನಿನ ಮೊದಲ ಬೆಳಿಗ್ಗೆ ಸೂರ್ಯ ನೇರ ಇದರ ಮೇಲೆ ಬೀಳುತ್ತಾನೆ, ಅರ್ಧ ಮೈಲಿ ದೂರದಿಂದ ಹಕ್ಕಿಗೆ ಕಣ್ಣು ಕುಕ್ಕುತ್ತದೆ. ಅವನ ಕೈ ಎಷ್ಟು ನಿಧಾನವಾಗಿ, ಎಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತಿತ್ತೆಂದರೆ ತನ್ನ ಜೀವಮಾನದಲ್ಲಿ ಇಷ್ಟು ಕೆಟ್ಟ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದೇ ಇಲ್ಲ ಎನ್ನಿಸಿತು. ಮುಗಿಸಿದ ಮೇಲೆ ನೀರಿಗಿಳಿದು ದೂರ ಹೋಗಿ ನಿಂತು ನೋಡಿದ. ಮರಸು ಕಾಣಲಿಲ್ಲ. ವಿಲೋ ಗಿಡಗಳ ಒಂದು ದಿಬ್ಬ ಮಾತ್ರ ಅಲ್ಲಿತ್ತು.

ಆರ್ಲಿಸ್‌ನ ದೋಣಿ ಸೊಪ್ಪಿನ ಹೊರೆಯ ಕೆಳಗೆ ಅರ್ಧ ಮುಳುಗಿ ಬಂತು. ಭಾರಿ ಆಳು, ಕೆಂಪು ಮುಖ, ನೀರಿನ ಮೇಲೆ ದೂರದಿಂದಲೇ ಮಾತು ಶುರುಮಾಡುವ ಅಭ್ಯಾಸ. "ಏಯ್, ಮುಗಿಸೇ ಬಿಟ್ಯಲ್ಲೋ! ನಾನೇನು ಈ ಹೊರೆ ಮನೆಗೆ ತಗೊಂಡೋಗಿ ಸೂಪ್ ಮಾಡಿಕೊಳ್ಳಲಾ?" ಎಂದು ನಗುತ್ತಾ ಹಗ್ಗ ಎಸೆದ. ವರ್ಲನ್ ಹಗ್ಗ ಹಿಡಿದು ಕಂಬಕ್ಕೆ ಸುತ್ತಿದ. ಆಮೇಲೆ ಕಾಗದ ತೆಗೆದು ಹಲಗೆಯನ್ನು ಅವನ ಮುಂದೆ ಹಿಡಿದ.

"ಇದನ್ನ ಎಲ್ಲಿ ಹೊಡೀಲಿ?"

ಆರ್ಲಿಸ್ ಹಲಗೆ ನೋಡಲಿಲ್ಲ. ಹೊರೆಯಿಂದ ಒಂದು ಎಲೆ ಕಿತ್ತು ಮಡಿಚಿದ, ಮತ್ತೆ ಬಿಡಿಸಿದ. "ನೋಡಿಬಿಟ್ಯಾ" ಅಂದ. "ಹೇಳೋಣ ಅಂತಾನೇ ಇದ್ದೆ ಕಣೋ. ಕೆಲಸ ಒಂದು ಮುಗೀಲಿ ಅಂತ..."

"ಕೆಲಸ ಮುಗೀಲಿ ಅಂತ."

"ಹಾಗಲ್ಲ. ನನ್ನ ಮಾತನ್ನ ತಿರುಚಬೇಡ. ಕೊಡು ಇಲ್ಲಿ, ನಾನೇ ಹೊಡೀತೀನಿ."

"ನಿನಗೆ ಮೊಳೆ ನೆಟ್ಟಗೆ ಹೊಡೆಯೋಕೆ ಯಾವತ್ತು ಬಂದಿದೆ?" ಎಂದು ವರ್ಲನ್ ಹಲಗೆಯನ್ನು ಬಾಗಿಲ ಪಕ್ಕದ ರೀಪಿಗೆ ಒತ್ತಿಹಿಡಿದ. ಮೊದಲ ಮೊಳೆ ಒಂದೇ ಏಟಿಗೆ ಒಳಗೆ ಹೋಯಿತು. "ಯಾಕೆ ಅಂತ ಹೇಳು. ಅಷ್ಟು ಹೇಳಿಬಿಡು."

"ಒಂದೊಂದು ದಿನ ಅತಿಥಿಯಾಗಿ ಬಾರೋ. ಯಾರು ಬೇಡ ಅಂತಾರೆ? ಕೋವಿ ಒಂದು ಬೇಡ. ಸುಮ್ಮನೆ ಕೂತು ಕಾಫಿ ಕುಡಿ, ಹಾಬರ್ಟನ ಸಾಸೇಜು ತಿನ್ನು."

ಅತಿಥಿ. ವರ್ಲನ್ ಎರಡನೆಯ ಮೊಳೆ ಇಟ್ಟ. ಏಟು ಓರೆಯಾಗಿ ಅದು ಬಾಗಿತು. ಇಕ್ಕಳದಿಂದ ಎಳೆದು ತೆಗೆಯುವಾಗ ಹಿಂದಿನಿಂದ ಆರ್ಲಿಸ್‌ನ ದನಿ ಬಂತು, ನಗು ಪೂರಾ ಹೋಗಿ, ಅವನಿಗೆ ಇಷ್ಟು ಸಣ್ಣ ದನಿ ಇದೆಯೆಂದೇ ವರ್ಲನ್‌ಗೆ ಗೊತ್ತಿರಲಿಲ್ಲ. "ಅವತ್ತು ಬೆಸ್ಸಿ ನನ್ನ ಕಾಲ ಮೇಲೆ ಮಲಗಿತ್ತು ಕಣೋ."

ಇಕ್ಕಳ ಅಲ್ಲೇ ನಿಂತಿತು.

"ಎರಡೂ ಪಾದದ ಮೇಲೆ. ಬೆಚ್ಚಗಿದೆ ಅಂತ ನಾನೂ ಅಲ್ಲಾಡಿರಲಿಲ್ಲ. ಸದ್ದಾದ ಮೇಲೇ ಅದು ಎದ್ದಿದ್ದು."

"ಗೊತ್ತಿತ್ತಾ ನಿನಗೆ?"

"ಗೊತ್ತಿಲ್ಲದೆ ಏನು?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ." ಆರ್ಲಿಸ್ ಎಲೆಯನ್ನು ನೀರಿಗೆ ಬಿಟ್ಟ. "ಒಂದು ವಾರ ಕಾದೆ. ಎರಡು ವಾರ ಕಾದೆ. ನಾಯಿ ಕೊಡ್ತೀನಿ ಅಂತ ಹೇಳಿದೆ, ಆವಾಗಲಾದರೂ ಬಾಯಿ ಬಿಡ್ತೀಯ ಅಂತ. ನೀನು ಗಾಡಿ ಬಾಗಿಲು ಹಾಕಿಕೊಟ್ಟೆ."

ಒಂಬತ್ತು ತಿಂಗಳು ಅವನು ಒಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದ ಹೊರೆಯ ಇನ್ನೊಂದು ತುದಿ ಈ ಮನುಷ್ಯನ ಹೆಗಲ ಮೇಲಿತ್ತು. ಇವನು ಆ ತುದಿ ಹಿಡಿದುಕೊಂಡೇ ತನ್ನೊಂದಿಗೆ ನಕ್ಕಿದ್ದ, ಕಂಬ ನೆಟ್ಟಗಿದೆಯೇ ಎಂದು ನೋಡಿದ್ದ. ಯಾರು ಯಾರಿಗೆ ಮೋಸ ಮಾಡಿದರು ಎಂದು ಕೇಳಿಕೊಂಡರೆ ಲೆಕ್ಕ ತನ್ನ ಕಡೆಗೇ ವಾಲುತ್ತದೆಂದು ಅವನಿಗೆ ಹೊಳೆಯಿತು. ಆದರೂ ಎದೆಯಲ್ಲಿ ಕೂತ ಕಲ್ಲು ಕರಗಲಿಲ್ಲ. ತಪ್ಪು ತನ್ನದಾದ ಮಾತ್ರಕ್ಕೆ ನೋವು ಬೇರೆಯವರದಾಗುತ್ತದೆಯೇ? "ಹೇಳಬಹುದಿತ್ತು" ಅಂದ. "ಮುಖದ ಮೇಲೆ ಹೇಳಬಹುದಿತ್ತು, ನೀನು ಬೇಡ ಅಂತ. ಕಟ್ಟಿಸಿಕೊಂಡು ಅಲ್ಲ."

"ಹೇಳಿದ್ದರೆ ನೀನು ಕಟ್ಟುತ್ತಿದ್ಯಾ?"

ಇದು ನಿಜವಾಗಿಯೂ ಪ್ರಶ್ನೆಯೆಂದು ಆರ್ಲಿಸ್‌ನ ಮುಖ ನೋಡಿದಾಗ ಗೊತ್ತಾಯಿತು. ಅದೇ ಹೆಚ್ಚು ಇರಿಯಿತು. ಆಮೇಲೆ ಆರ್ಲಿಸ್, ಇನ್ನು ಮುಚ್ಚಿಡುವುದಕ್ಕೇನಿದೆ ಎಂಬಂತೆ, "ನಿನ್ನ ಹೆಂಡ್ತಿ ಬಂದಿದ್ದಳು, ನೆಡ್ರಾ" ಅಂದ. "ಮಾರ್ಚಿನಲ್ಲಿ. ಅವಳೇ ಬಂದು, ಈ ವರ್ಷ ಅವನನ್ನ ಬಿಟ್ಟುಬಿಡು ಆರ್ಲಿಸ್, ಅವನ ಕಣ್ಣು ಸರಿಯಿಲ್ಲ, ನಾನು ಹೇಳಿದರೆ ಕೇಳೋದಿಲ್ಲ ಅಂತ ಅತ್ತಳು. ನಾನೇನು ಮಾಡಲಿ?"

"ಹಾಬರ್ಟಿಗೆ ಗೊತ್ತಾ?"

"ಯಾವುದು, ಕೋವೀದಾ? ಇಲ್ಲ. ಅವನು ಇನ್ನೂ ನಾಯೀನೇ ಬೈತಾನೆ. ಹಾಗೇ ಇರಲಿ ಬಿಡು. ಅವನಿಗೆ ಯಾಕೆ? ಇಷ್ಟು ವರ್ಷದ ಸ್ನೇಹ." ಆರ್ಲಿಸ್ ದೋಣಿಯಿಂದ ಕೈಚಾಚಿ ಅವನ ಮೊಣಕಾಲಿಗೆ ಎರಡು ಸಲ ತಟ್ಟಿದ. ಕಣ್ಣು ತೇವವಾಗಿತ್ತು. "ಬಂದ್ಬಿಡು, ಹೋಗೋಣ. ಇನ್ನೇನಾದರೂ ಬಾಕಿ ಇದೆಯಾ ಇಲ್ಲಿ?"

ವರ್ಲನ್ ಸೂರಿನ ಪೂರ್ವದ ಅಂಚನ್ನು ನೋಡಿದ. ಬಣ್ಣದ ಡಬ್ಬ ನೋಡಿದ. "ಇಲ್ಲ" ಅಂದ. "ಎಲ್ಲ ಆಯ್ತು."

ಮನೆಯಲ್ಲಿ ನೆಡ್ರಾ ಸಿಂಕಿನ ಮುಂದೆ ನಿಂತು ಸೊಪ್ಪು ತೊಳೆಯುತ್ತಿದ್ದಳು. ಬಿಳಿ ಅವರೆ ಬೇಯುವ ವಾಸನೆ, ಬಾಣಲೆಯಲ್ಲಿ ಜೋಳದ ರೊಟ್ಟಿ. ಬೂಟು ಕಳಚುವಾಗ ಅವನು ಅವಳ ಬೆನ್ನನ್ನೇ ನೋಡಿದ. ಮೂವತ್ತೆಂಟು ವರ್ಷ ನೋಡಿದ ಬೆನ್ನು, ಅದಕ್ಕೆ ಇವತ್ತು ಒಳಗೊಂದು ಮುಖವಿದ್ದಂತೆ ಕಂಡಿತು. "ಮುಗೀತಾ?" ಎಂದಳು. ಮುಗೀತು ಅಂದ. ಮಾರ್ಚಿನಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ. ನೀರು ಸುರಿಯುತ್ತಲೇ ಇತ್ತು. ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ತಿರುಗಿದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಗಾಬರಿ ಇರಲಿಲ್ಲ.

"ಹೋಗಿದ್ದೆ. ನಿನ್ನೆ ಬೆಳಿಗ್ಗೆಯೂ ಕಾಫಿ ಕಪ್ಪನ್ನ ಮೇಜಿನ ಆಚೆ ಗಾಳಿಯಲ್ಲಿ ಇಟ್ಟೆ ನೀನು. ಬಿದ್ದಮೇಲೆ ನನ್ನನ್ನ ಬೈದೆ, ಮೇಜು ಸರಿಸಿದ್ದೀಯ ಅಂತ. ಅಂಥವನ ಕೈಯಲ್ಲಿ ಕೋವಿ ಕೊಟ್ಟು ಮೂರು ಜನರ ಮಧ್ಯ ಕೂರಿಸಲಾ?"

"ನನಗೆ ಹೇಳಬಹುದಿತ್ತು."

"ಹೇಳಿದೆ. ಮೂರು ಸಲ ಹೇಳಿದೆ, ಡಾಕ್ಟರ ಹತ್ತಿರ ಹೋಗೋಣ ಅಂತ. ಮೂರು ಸಲಾನೂ ನೀನು ರೇಡಿಯೋ ಜೋರು ಮಾಡಿದೆ."

ಅವಳು ತಟ್ಟೆ ಇಟ್ಟಳು. ಅವನು ಕೂತ. ಎಲ್ಲ ಮಾತೂ ನಿಜವಾಗಿತ್ತು, ಆದರೂ ಆ ಮೇಜಿನಲ್ಲಿ ತನಗೆ ಗೊತ್ತಿಲ್ಲದಂತೆ ತನ್ನ ಬಗ್ಗೆ ಒಂದು ಸಭೆ ನಡೆದು ಮುಗಿದಿದೆ, ತಾನು ಬಾಗಿಲಾಚೆ ನಿಂತ ಉಡುಗೊರೆಯವನು ಎಂಬ ಭಾವನೆಯಿಂದ ಅವನಿಗೆ ಹೊರಬರಲಾಗಲಿಲ್ಲ. ಕೋವಿ ಮಾತ್ರ ತಾನೇ ಕೊಟ್ಟುಬಿಟ್ಟ. ಎರಡು ದಿನದ ಮೇಲೆ, ಯಾರೂ ಕೇಳದೆ, ಅದನ್ನು ಕಂಬಳಿಯಲ್ಲಿ ಸುತ್ತಿ ನೆಡ್ರಾಳ ಬಟ್ಟೆಯ ಬೀರುವಿನಲ್ಲಿಟ್ಟ. ಕಣ್ಣಿನ ಡಾಕ್ಟರ ಬಳಿಗೂ ಹೋಗಿಬಂದ. ಗುಣವಾಗುವಂಥದ್ದಲ್ಲ, ಹೆಚ್ಚದಂತೆ ನೋಡಿಕೊಳ್ಳಬಹುದು ಅಂದರು. ಮರಸಿಗೆ ಮಾತ್ರ ಹೋಗಲಿಲ್ಲ. ದೋಣಿಯಿತ್ತು, ಡಬ್ಬದಲ್ಲಿ ಬಣ್ಣವಿತ್ತು, ಅರ್ಧ ಗಂಟೆಯ ಕೆಲಸ. ಇವತ್ತು ಗಾಳಿ, ಇವತ್ತು ಸೊಂಟ ನೋವು, ಇವತ್ತು ಆರ್ಲಿಸ್ ಅಲ್ಲಿರಬಹುದು. ನವೆಂಬರಿನ ನಡುವೆ ಎರಡು ದಿನ ಉತ್ತರದ ಗಾಳಿ ಅಬ್ಬರಿಸಿ ಬೀಸಿತು. ಹಿತ್ತಲಿನಲ್ಲಿ ಬಕೆಟ್ಟು ಉರುಳುವ ಸದ್ದು ಕೇಳುತ್ತಾ ಅವನು ಕುರ್ಚಿಯಲ್ಲಿ ಕೂತೇ ಇದ್ದ, ತನ್ನ ತಂತಿ ಯಾವ ಕ್ಷಣದಲ್ಲಿ ಬಿಟ್ಟುಕೊಳ್ಳುತ್ತದೆಂದು ಎಣಿಸುವವನ ಹಾಗೆ.

ಸೀಸನ್ನು ಶುರುವಾದ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ತಾನು ಸುಮ್ಮನೆ ನೋಡಿಬರುವುದೆಂದು ಹೇಳಿಕೊಂಡು ವರ್ಲನ್ ಏರಿಯ ಮೇಲೆ ಗಾಡಿ ನಿಲ್ಲಿಸಿ, ಬಲಗಣ್ಣಿಗೆ ದುರ್ಬೀನು ಹಿಡಿದ. ಬೇರೆ ಮರಸುಗಳಿಂದ ಆಗಲೇ ಗುಂಡಿನ ಸದ್ದು ಬರುತ್ತಿತ್ತು. ವಿಲೋ ದಿಬ್ಬದ ಮೇಲೆ ಒಂದು ಹಿಂಡು ಬಂತು. ಸುತ್ತಿತು, ರೆಕ್ಕೆ ಬಿಗಿಹಿಡಿಯಿತು, ಕಾಲು ಚಾಚಿತು. ತಟ್ಟನೆ ಯಾರೋ ದಾರ ಕಿತ್ತ ಹಾಗೆ ಚೆದುರಿ ಮೇಲೆದ್ದು ಹೋಯಿತು. ಇನ್ನೊಂದು ಹಿಂಡು, ಮತ್ತೆ ಹಾಗೇ. ಸೂರಿನ ಅಂಚಿನಲ್ಲಿ ಬೆಂಕಿ ಹೊತ್ತಿದಂತೆ ಬಿಳಿಯ ಗೆರೆ. ಸಂತೋಷವಾಗಬೇಕಾಗಿತ್ತು. ಮೂರು ವಾರ ಅವನು ಇದನ್ನೇ ಮನಸ್ಸಿನಲ್ಲಿ ನೋಡಿದ್ದ. ದುರ್ಬೀನನ್ನು ಇಳಿಸಿ, ಗಾಜು ಒರೆಸಿ, ಮತ್ತೆ ಹಿಡಿದ. ಒಳಗೆ ಕೂತವರಿಗೆ ತಗಡು ಕಾಣುವುದಿಲ್ಲ. ಅದು ಅವರ ತಲೆಯ ಮೇಲಿದೆ. ನಿಶ್ಚಲ ನೀರಿನ ಮೇಲೆ ಮಾತು ತುಂಬ ದೂರ ಹರಿಯುತ್ತದೆ; ಮೂರನೆಯ ಹಿಂಡು ಚೆದುರಿದಾಗ ಆರ್ಲಿಸ್‌ನ ಗದರಿಕೆ ಸ್ಪಷ್ಟವಾಗಿ ಏರಿಗೆ ಬಂತು. "ಮುಖ ಕೆಳಗೆ ಹಾಕೋ ಟ್ರೆಂಟ್! ಎಷ್ಟು ಸಲ ಹೇಳಬೇಕು? ನಿನ್ನ ಬಿಳೀ ಮೂತಿ ನೋಡಿಯೇ ಅವು ಓಡ್ತಿರೋದು!" ಹುಡುಗನಂಥ ಒಂದು ದನಿ, "ಹಾಕಿದೀನಿ ಮಾವ, ನಾನು ಅಲ್ಲಾಡೇ ಇಲ್ಲ" ಅಂದಿತು. "ಅಲ್ಲಾಡದೇ ಇದ್ದರೆ ಮತ್ತೆ ಯಾಕೆ? ಹೋಗು, ಆ ಮೂಲೇಲಿ ಒಲೆ ಹಿಂದೆ ಕೂತ್ಕೋ."

ತನ್ನ ಕಾಲು ಏರಿಯಿಂದ ಕೆಳಗಿಳಿಯುತ್ತಿರುವುದು ವರ್ಲನ್‌ಗೆ ಅರ್ಧ ದಾರಿಯಲ್ಲಿ ಗೊತ್ತಾಯಿತು. ಏರಿಯ ಬುಡದಲ್ಲಿ ಕಟ್ಟಿದ್ದ ತನ್ನ ಚಪ್ಪಟೆ ದೋಣಿಯನ್ನು ಬಿಚ್ಚಿ ಮೋಟಾರು ಎಳೆದ. ಬೇಟೆಯ ಹೊತ್ತಿನಲ್ಲಿ, ಹೊಳೆಯುವ ಬಿಸಿಲಿನಲ್ಲಿ, ಬಯಲು ನೀರಿನ ನಡುವೆ ಮೋಟಾರಿನ ಸದ್ದು ಮಾಡಿಕೊಂಡು ಹೋಗುವುದಕ್ಕಿಂತ ದೊಡ್ಡ ಅಪಚಾರ ಆ ಊರಲ್ಲಿಲ್ಲ. ಎರಡೂ ಕಡೆಯಿಂದ ಬಾತುಗಳು ಗುಂಪುಗುಂಪಾಗಿ ಎದ್ದವು. ಯಾವುದೋ ಮರಸಿನಿಂದ ಯಾರೋ ಅವನ ತಾಯಿಯನ್ನು ಬೈದರು. ಅವನು ನಿಲ್ಲಿಸಲಿಲ್ಲ. ಹಕ್ಕಿಗಳನ್ನು ಸೆಳೆಯಲು ತೇಲಿಬಿಟ್ಟ ಮರದ ಬಾತುಗಳ ನಡುವೆ ನುಗ್ಗಿ, ದಿಬ್ಬದಿಂದ ಹತ್ತು ಮಾರು ದೂರದಲ್ಲಿ ಮೋಟಾರು ಆರಿಸಿದ. ಒಳಗಿನಿಂದ ಸದ್ದಿಲ್ಲ. ಎದುರಿಗೆ ಎಲೆ, ಜೊಂಡು, ಕಡ್ಡಿ. ಬಾಗಿಲ ಪಕ್ಕದಲ್ಲಿ ಹಲಗೆಯ ಒಂದು ಮೂಲೆ. ಒಂದು ಕಣ್ಣೂ, ಒಂದು ಕೈಯೂ ಕಾಣುತ್ತಿಲ್ಲ. ಇಷ್ಟು ಚೆನ್ನಾಗಿ ಕಟ್ಟಿದ್ದಕ್ಕೆ ಅವನು ಮೊದಲ ಸಲ ತನ್ನನ್ನು ಶಪಿಸಿಕೊಂಡ. ಮನುಷ್ಯರ ಮುಖ ನೋಡದೆ ಇದನ್ನು ಹೇಗೆ ಹೇಳುವುದು? ಎದ್ದು ನಿಂತ. ದೋಣಿ ಓಲಾಡಿತು.

"ಮೇಲೆ ಪೂರ್ವದ ಅಂಚಲ್ಲಿ ತಗಡು ಬಯಲಾಗಿದೆ" ಎಂದು ಎಲೆಗಳಿಗೆ ಹೇಳಿದ. "ಗಾಳಿಗಲ್ಲ. ನಾನೇ ಹಾಗೆ ಬಿಟ್ಟೆ, ಬೇಕು ಅಂತಲೇ. ಆ ಹುಡುಗನದು ತಪ್ಪಿಲ್ಲ." ಉಸಿರು ಸಾಲದೆ ನಿಂತ. "ಇನ್ನೊಂದು. ಹಾಬರ್ಟ್, ಅವತ್ತು ನಾಯಿ ಕಾಲಿಡಲಿಲ್ಲ. ಅದು ನನ್ನ ಹತ್ತಿರ ಇರಲೇ ಇಲ್ಲ. ನನ್ನ ಬೆರಳು."

ನೀರು ಕಂಬಗಳಿಗೆ ಬಡಿಯುವ ಸದ್ದು. ಆಮೇಲೆ ಗೋಡೆಯ ಹಿಂದಿನಿಂದ ಹಾಬರ್ಟ್‌ನ ದಪ್ಪ ದನಿ, ಕಿವಿ ಹೋದವರು ಜೋರಾಗಿ ಕೇಳುವಂತೆ ಕೇಳಿತು. "ಯಾರೋ ಅದು? ವರ್ಲನ್ನಾ? ಏನಂತಾನೆ?"

ವರ್ಲನ್ ಕಾದ. ಆರ್ಲಿಸ್‌ನ ಒಂದು ಮಾತಿಗೆ ತಾನು ಇಷ್ಟು ಕಾತರಿಸಿದ್ದು ಯಾವತ್ತೂ ಇಲ್ಲ ಅನ್ನಿಸಿತು. ಬೈಯಲಿ. ಕೋವಿಯೆತ್ತಲಿ. ಹೌದು ಅನ್ನಲಿ, ಸಾಕು.

"ಏನಿಲ್ಲ ಕಣೋ" ಎಂದ ಆರ್ಲಿಸ್, ಒಳಗಿನಿಂದ, ಗಟ್ಟಿಯಾಗಿ, ತುಂಬ ಮೃದುವಾಗಿ. "ತಗಡು ಬಿಚ್ಚಿಕೊಂಡಿದೆಯಂತೆ, ಹೇಳಿ ಹೋಗೋಕೆ ಬಂದಿದಾನೆ. ಪಾಪ, ಕಣ್ಣು ಕಾಣದೆ ಇದ್ದರೂ. ಹೋಗು ವರ್ಲನ್, ಥ್ಯಾಂಕ್ಸ್, ನಾವು ನೋಡಿಕೊಳ್ತೀವಿ."

ಒಂದು ಕ್ಷಣ ಅವನಿಗೆ ಹೊರಟುಬಿಡೋಣ ಅನ್ನಿಸಿತು. ಎಷ್ಟು ಸುಲಭವಾಗಿ ಮುಚ್ಚಿಟ್ಟುಬಿಟ್ಟ, ಒಂದು ಕಡ್ಡಿಯೂ ಹೊರಗೆ ಕಾಣದಂತೆ. ಮೋಟಾರಿನ ಹಗ್ಗಕ್ಕೆ ಕೈ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವನು ಹಗ್ಗ ಬಿಟ್ಟು ದೋಣಿಯ ತಳದಿಂದ ಹುಟ್ಟು ಎತ್ತಿಕೊಂಡ. ಮರದ ಬಾತುಗಳನ್ನು ಅತ್ತಿತ್ತ ತಳ್ಳುತ್ತಾ, ಮರಸನ್ನು ಸುತ್ತು ಹಾಕಿ, ಹಾಬರ್ಟ್‌ನ ಇನ್ನೂ ಕೇಳಿಸುವ ಬಲಗಿವಿಯ ಕಡೆಯ ಗೋಡೆಗೆ ದೋಣಿಯನ್ನು ತಾಗಿಸಿ ನಿಲ್ಲಿಸಿದ. ಎರಡೂ ಕೈಯಿಂದ ಸೊಪ್ಪನ್ನು ಹಿಡಿದು ಸೀಳಿ, ಆ ಸಂದಿಯಲ್ಲಿ ಕಂಡ ಬೆಚ್ಚಿದ ಮುದಿ ಮುಖಕ್ಕೆ ಮೊದಲಿನಿಂದ ಹೇಳತೊಡಗಿದ.